ತಳ ಮುಟ್ಟಿದ ಸುದ್ದಿ

ಜೂನ್ 9

ನನ್ನ ಮೊಂಡಿಗೆ,

ಪತ್ರ ನೋಡಿ ಗಾಬರಿಯಾಗಬೇಡ. ನಾನು, ನಿಮ್ಮತ್ತಿಗೆ ಇಬ್ಬರೂ ಆರೋಗ್ಯವಾಗಿದ್ದೇವೆ. ಫೋನು ಮೇಜಿನ ಮೇಲೇ ಇದೆ, ನಿಮ್ಮತ್ತಿಗೆ ಅದನ್ನು ದಿನಾ ಚಾರ್ಜಿಗೆ ಹಾಕುತ್ತಾಳೆ. ಆದರೆ ನಿಮ್ಮಣ್ಣನ ಸುದ್ದಿ ಬಂದದ್ದು ಅದರಲ್ಲೇ ಅಲ್ಲವೇ. ಎರಡು ವರ್ಷವಾದರೂ ನನಗೆ ಅದನ್ನು ಕಿವಿಗೆ ಹಿಡಿಯಲು ಆಗುವುದಿಲ್ಲ. ಮೊದಲು ನೀರಿನ ಸದ್ದು ಕೇಳುತ್ತದೆ, ಆಮೇಲೆ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ವಿಷಯ ಕೇಳಬೇಕು. ನಗಬೇಡ.

ಬಂದರಿನ ಹಿಂದಿನ ಶೆಡ್ಡಿನಲ್ಲಿ ಬಲೆ ಹೆಣೆಯುವ ಅಜ್ಜ ನಿನಗೆ ಗೊತ್ತಲ್ಲ, ನೀನು ಚಿಕ್ಕವಳಿದ್ದಾಗ ನಿನ್ನ ಜಡೆಗೆ ಬಲೆಯ ಗಂಟು ಹಾಕಿ ಅಳಿಸಿದವರು. ಹೊಲಿದ ಟಾರ್ಪಾಲುಗಳನ್ನು ಕೊಟ್ಟು ಬರುವಾಗ ನಾನು ಅಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಮೊನ್ನೆ ಅಜ್ಜ ಹೇಳಿದರು: "ಆಳಕ್ಕೆ ಹೋದಷ್ಟೂ ನೀರು ಗಟ್ಟಿ ಆಗ್ತಾ ಹೋಗುತ್ತೆ ಕಣಮ್ಮ. ಮೇಲಿನ ನೀರೆಲ್ಲ ಕೆಳಗಿನದನ್ನ ಅಮುಕುತ್ತಲ್ಲ. ಮುಳುಗಿದ ಬೋಟು ಒಂದು ಮಟ್ಟಕ್ಕೆ ಹೋಗಿ ನಿಂತುಬಿಡುತ್ತೆ. ಕೆಳಗೂ ಹೋಗಲ್ಲ, ಮೇಲೂ ಬರಲ್ಲ. ಸೆಳೆತ ಇದ್ದ ಕಡೆ ಅಲೀತಾ ಇರುತ್ತೆ."

ಅವತ್ತಿನಿಂದ ನನ್ನ ಕೈ ಹೊಲಿಗೆಯ ಮೇಲೆ ನಿಲ್ಲುತ್ತಿಲ್ಲ. ಬೋಟು ಮುಳುಗುವಾಗ ಉಳಿದವರೆಲ್ಲ ತೆಪ್ಪ ಹತ್ತಿದರು. ಎಂಜಿನ್ ಕೋಣೆಯಲ್ಲಿದ್ದವನು ನಿಮ್ಮಣ್ಣ ಒಬ್ಬನೇ. ಬೋಟು ಎಲ್ಲಿದೆಯೋ ಅವನೂ ಅಲ್ಲೇ ಇದ್ದಾನೆ. ಎಲ್ಲೋ ಒಂದು ಕಡೆ ನೆಲ ಸಿಕ್ಕಿ ಮಲಗಿದ್ದಾನೆ ಎಂದು ಇಷ್ಟು ದಿನ ಹೇಗೋ ಮನಸ್ಸಿಗೆ ಹೇಳಿಕೊಂಡಿದ್ದೆ.

ಇನ್ನೊಂದು ಮಾತು. ನಿಮ್ಮತ್ತಿಗೆ ಕೆಲಸ ಮಾಡುವ ಐಸ್ ಪ್ಲಾಂಟಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಎಲ್ಲರೂ ಐಸಪ್ಪ ಎನ್ನುತ್ತಾರೆ. ಮಾತಾಡುವ ಮೊದಲು ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಳ್ಳುವ ಜಾತಿ. ಅವನು ಮನೆಗೆ ಬಂದು, ಐದು ನಿಮಿಷ ಕೈ ಒರೆಸಿ, ನಿಮ್ಮತ್ತಿಗೆಯನ್ನು ಮದುವೆಯಾಗುತ್ತೇನೆ ಎಂದು ನನ್ನನ್ನು ಕೇಳಿದ. ನಿಮ್ಮತ್ತಿಗೆ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದ್ದು ಕೇಳಿಸಿತು. "ಸ್ವಲ್ಪ ತಡಿಯಪ್ಪ" ಎಂದು ಕಳಿಸಿದೆ.

ಹುಡುಗ ಒಳ್ಳೆಯವನೇ. ಆದರೆ ನಿಮ್ಮಣ್ಣ ಇನ್ನೂ ನೆಲೆ ಇಲ್ಲದೆ ಅಲೆಯುತ್ತಿದ್ದರೆ, ಅವನ ಹೆಂಡತಿಯನ್ನು ಇನ್ನೊಂದು ಮನೆಗೆ ನಾನು ಹೇಗೆ ಕಳಿಸಲಿ? ನೀರನ್ನು ಹಿಂಡಿ ಅಳೆಯುವುದೇ ನಿನ್ನ ಕೆಲಸ ಎನ್ನುತ್ತಿದ್ದೆಯಲ್ಲ. ಅವನು ತಳ ಮುಟ್ಟಿದನೋ ಇಲ್ಲವೋ, ಅದೊಂದನ್ನು ಹೇಳು.

ಊಟ ಬಿಡಬೇಡ.

ನಿನ್ನ ಅಮ್ಮ


ಜೂನ್ 18

ಪ್ರೀತಿಯ ಅಮ್ಮನಿಗೆ,

ನಗಲಿಲ್ಲ. ಹಿಂದೆ ತುಂಬ ತಿಳಿದವರೂ ಅಜ್ಜ ಹೇಳಿದ ಹಾಗೇ ಅಂದುಕೊಂಡಿದ್ದರು. ಆದರೆ ಅದು ತಪ್ಪು.

ನಮ್ಮ ಪ್ರಯೋಗಾಲಯದ ಮೂಲೆಯಲ್ಲಿ ಒಂದು ಉಕ್ಕಿನ ಪಾತ್ರೆ ಇದೆ. ಗೋಡೆ ಅಂಗೈಯಗಲ ದಪ್ಪ, ಒಳಗೆ ಜಾಗ ಮಾತ್ರ ಒಂದು ಲೋಟದಷ್ಟು. ಅದರಲ್ಲಿ ಸಮುದ್ರದ ನೀರು ತುಂಬಿ ಪಿಸ್ಟನ್ನಿನಿಂದ ಒತ್ತುತ್ತೇವೆ. ತಣ್ಣಗೆ ಮಾಡಿ ಒತ್ತುತ್ತೇವೆ, ಬೆಚ್ಚಗೆ ಮಾಡಿ ಒತ್ತುತ್ತೇವೆ. ಪ್ರತಿಸಲವೂ ನೀರು ಎಷ್ಟು ಕುಗ್ಗಿತು ಎಂದು ನೋಡುತ್ತೇವೆ. ನೀರಿನ ಜೊತೆಗೆ ರಬ್ಬರು, ಎಣ್ಣೆ, ಪ್ಲಾಸ್ಟಿಕ್ಕು, ಲೋಹ ಎಲ್ಲಕ್ಕೂ ಇದೇ ಶಿಕ್ಷೆ. ಅಳತೆಗಳು ಸಾಕಷ್ಟು ಸೇರಿದ ಮೇಲೆ ಅವಕ್ಕೆಲ್ಲ ಹೊಂದುವ ಒಂದು ಸೂತ್ರ ಕಟ್ಟುತ್ತೇವೆ. ನಾವು ಅಳೆಯದ ಆಳಕ್ಕೂ ಆ ಸೂತ್ರ ಉತ್ತರ ಹೇಳಬೇಕು. ನನ್ನ ಮುಖ್ಯಸ್ಥೆಯ ಅಡ್ಡಹೆಸರು ದಶಾಂಶ ಮೇಡಂ. ಚುಕ್ಕಿಯ ನಂತರದ ನಾಲ್ಕನೇ ಅಂಕಿ ತಪ್ಪಾದರೆ ಅವರಿಗೆ ಅವತ್ತು ಊಟ ಸೇರುವುದಿಲ್ಲ.

ಈಗ ಕೇಳು. ಬೋಟು ಮುಳುಗಿದ ಕಡೆ ಎರಡು ಸಾವಿರದ ನಾನೂರು ಮೀಟರ್ ಆಳವಿದೆ. ಅಷ್ಟು ಕೆಳಗೆ ಒತ್ತಡ ಭಯಂಕರ, ನಿಜ. ಆದರೆ ನೀರು ಸುಲಭಕ್ಕೆ ಬಗ್ಗುವ ಆಸಾಮಿ ಅಲ್ಲ. ಮೇಲಿನ ನೂರು ಲೋಟ ನೀರನ್ನು ಅಲ್ಲಿಗೆ ಒಯ್ದರೆ ತೊಂಬತ್ತೊಂಬತ್ತು ಲೋಟ ಆಗುತ್ತದೆ, ಅಷ್ಟೇ. ನೂರಕ್ಕೆ ಒಂದು ಪಾಲು ಮಾತ್ರ ಹೆಚ್ಚು ಭಾರ. ಕಬ್ಬಿಣವೋ, ನೀರಿಗಿಂತ ಏಳೆಂಟು ಪಟ್ಟು ಭಾರ. ಅದನ್ನು ತಡೆದು ನಿಲ್ಲಿಸುವಷ್ಟು ಗಟ್ಟಿ ನೀರು ಯಾವ ಸಮುದ್ರದಲ್ಲೂ ಇಲ್ಲ. ಹತ್ತು ಹದಿನೈದು ನಿಮಿಷದಲ್ಲಿ ತಳ ಸೇರಿರುತ್ತದೆ.

ಅತ್ತಿಗೆಗೆ ನನ್ನ ಒಪ್ಪಿಗೆ ಇದೆ ಎಂದು ಹೇಳು. ಐಸಪ್ಪನ ಕೈ ಇಷ್ಟು ಹೊತ್ತಿಗೆ ಬಿಳುಚಿಕೊಂಡಿರಬೇಕು. ಇಲ್ಲಿ ಸೆಕೆ. ನನಗೆ ಹೊಸ ಕನ್ನಡಕ ಬಂದಿದೆ.

ನಿನ್ನ ಮೊಂಡಿ


ಜುಲೈ 6

ಮಗಳೇ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಲೋಟದ ಲೆಕ್ಕ ಅರ್ಥವಾಯಿತು. ಅಜ್ಜನಿಗೂ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಕಬ್ಬಿಣ ಮುಳುಗುತ್ತೆ ಅಂತ ಹೇಳೋಕೆ ಅಷ್ಟು ಓದಬೇಕಾ?" ಎಂದರು. ಬೇಜಾರು ಮಾಡಿಕೊಳ್ಳಬೇಡ, ಅವರ ಬಾಯಿ ನಿನಗೆ ಗೊತ್ತಲ್ಲ. ಆಮೇಲೆ ಹೇಳಿದರು: "ಆ ಬೋಟು ಬರೀ ಕಬ್ಬಿಣ ಅಲ್ಲಮ್ಮ. ಮೀನು ತುಂಬೋ ಕೋಣೆ ಗೋಡೆಯೊಳಗೆ ಹಳದಿ ಫೋಮ್ ಇದೆ, ಐಸ್ ಕರಗದೆ ಇರಲಿ ಅಂತ. ಹೋದ ಸಲ ರಿಪೇರಿಗೆ ಎಳೆದಾಗ ಎರಡು ಪದರ ಹಾಕಿದ್ರು. ಫೋಮ್ ಪೂರ್ತಿ ಗಾಳಿ. ಗಾಳಿ ಮುಳುಗುತ್ತಾ?"

ಮನೆಗೆ ಬಂದು ನೇರ ಈ ಪತ್ರ ಬರೆಯಲು ಕೂತೆ.

ನನಗೂ ಒಂದು ನೆನಪಾಯಿತು. ನಿಮ್ಮಣ್ಣ ಇದ್ದಾಗ ಒಂದು ಸಲ ನೀನು ರಜೆಗೆ ಬಂದು, ನೀವು ಮಾಡಿದ ಉದ್ದನೆಯ ಕೊಳವೆಯ ಚಿತ್ರ ತೋರಿಸಿದ್ದೆ. ಸಮುದ್ರದ ನಡುನೀರಿನಲ್ಲಿ ಅದು ವರ್ಷಗಟ್ಟಲೆ ನಿಂತು ಅಲೆಯುತ್ತದೆ, ಕೂಗುತ್ತಾ ಇರುತ್ತದೆ, ಆ ಕೂಗು ಕೇಳಿ ಸೆಳೆತ ಯಾವ ಕಡೆ ಎಂದು ತಿಳಿಯುತ್ತೀರಿ ಎಂದಿದ್ದೆ. ಅದೂ ಲೋಹವೇ ಅಲ್ಲವೇ? ನೀನು ನಿಲ್ಲಿಸಬಲ್ಲೆ ಎಂದಾದರೆ ಸಮುದ್ರಕ್ಕೆ ನಿಲ್ಲಿಸಲು ಬರುವುದಿಲ್ಲವೇ?

ಇನ್ನೊಂದು ವಿಷಯ ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಮಧ್ಯಾಹ್ನ ಹೊಲಿಗೆ ಮಷೀನು ತುಳಿಯುವಾಗ ಹಿಂಬಾಗಿಲ ಮೆಟ್ಟಿಲ ಮೇಲೆ ಚಪ್ಪಲಿ ಕುಟ್ಟುವ ಸದ್ದು ಕೇಳುತ್ತದೆ. ನಿಮ್ಮಣ್ಣ ಮರಳು ಒದರುತ್ತಿದ್ದನಲ್ಲ, ಎರಡು ಸಲ ಬಲಗಾಲು, ಒಂದು ಸಲ ಎಡಗಾಲು. ಮಷೀನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ನಾನು ಎದ್ದು ಹೋಗಿ ನೋಡುವುದಿಲ್ಲ. ನೋಡಿದರೆ ಇರುವುದಿಲ್ಲ ಎಂದು ಗೊತ್ತು. ಅವನು ನೆಲ ಸಿಗದೆ ಬಂದು ಹೋಗುತ್ತಿದ್ದಾನೆಯೇ?

ನಿಮ್ಮತ್ತಿಗೆ ಏನೂ ಹೇಳುವುದಿಲ್ಲ. ಐಸಪ್ಪ ಬಂದರಿನಲ್ಲಿ ಕಂಡರೆ ದೂರದಿಂದಲೇ ಕೈ ಒರೆಸಲು ಶುರುಮಾಡುತ್ತಾನೆ.

ಅಮ್ಮ


ಜುಲೈ 29

ಅಮ್ಮಾ,

ತಡವಾಯಿತು. ಉತ್ತರ ಬರೆಯುವ ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು.

ಮೊದಲು ಕೊಳವೆಯ ವಿಷಯ. ಅದು ನಡುನೀರಿನಲ್ಲಿ ನಿಲ್ಲಲು ಒಂದೇ ಕಾರಣ: ಒತ್ತಿದರೆ ಅದು ನೀರಿಗಿಂತ ಕಡಿಮೆ ಕುಗ್ಗುತ್ತದೆ. ಒಳಗೆ ಪೊಳ್ಳು ಬಿಟ್ಟು, ಗ್ರಾಮಿನ ಲೆಕ್ಕದಲ್ಲಿ ತೂಗಿ, ನೀರಿಗಿಂತ ಒಂದು ಕೂದಲೆಳೆಯಷ್ಟೇ ಭಾರ ಇರುವ ಹಾಗೆ ಮಾಡಿ ಬಿಡುತ್ತೇವೆ. ಕೆಳಗಿಳಿದ ಹಾಗೆ ಸುತ್ತಲಿನ ನೀರು ಕುಗ್ಗಿ ಸ್ವಲ್ಪ ಸ್ವಲ್ಪ ಭಾರವಾಗುತ್ತದೆ. ಕೊಳವೆ ಅಷ್ಟು ಕುಗ್ಗುವುದಿಲ್ಲ. ಎಲ್ಲೋ ಒಂದು ಕಡೆ ಎರಡೂ ಸಮವಾಗುತ್ತವೆ, ಅಲ್ಲಿ ನಿಲ್ಲುತ್ತದೆ. ಅದನ್ನು ಹಾಗೆ ನಿಲ್ಲಿಸಲು ನಾವು ಪಡುವ ಪಾಡು ನೋಡಿದರೆ, ಸಮುದ್ರ ತಾನಾಗಿ ಅದನ್ನು ಮಾಡುತ್ತದೆ ಎಂದು ನೀನು ನಂಬುವುದಿಲ್ಲ.

ಇನ್ನು ಫೋಮ್. ಅಜ್ಜ ಕೇಳಿದ್ದು ಒಳ್ಳೆಯ ಪ್ರಶ್ನೆ. ಶೈತ್ಯಾಗಾರ ಕಟ್ಟುವವನ ಹತ್ತಿರ ಹೋಗಿ ಅದೇ ಹಳದಿ ಫೋಮಿನ ತುಂಡು ಕೇಳಿ ತಂದೆ. ಬೆಂಕಿಪೊಟ್ಟಣದಷ್ಟು ಕತ್ತರಿಸಿ ಉಕ್ಕಿನ ಪಾತ್ರೆಯಲ್ಲಿಟ್ಟು, ನೀರು ತುಂಬಿ, ಆ ಆಳದ ತಂಪಿಗೆ ತಂದು ಒತ್ತಿದೆ. ಮೂವತ್ತು ನಲವತ್ತು ಮೀಟರಿನ ಒತ್ತಡಕ್ಕೇ ಅದು ಕುಸಿಯಿತು. ನಾನು ಪೂರ್ತಿ ಆಳದವರೆಗೂ ಒತ್ತಿದೆ. ತೆರೆದಾಗ ಒಳಗೆ ಕಡಲೆಬೀಜದಷ್ಟು ಒಂದು ಗಟ್ಟಿ ಕಂದು ಚೂರು ಇತ್ತು. ನೀರಿಗೆ ಹಾಕಿದರೆ ಮುಳುಗಿತು.

ಮೆತ್ತಗಿನ ವಸ್ತುಗಳ ಕಥೆಯೇ ಅದು. ಇಳಿದಷ್ಟೂ ಕುಗ್ಗುತ್ತವೆ, ಕುಗ್ಗಿದಷ್ಟೂ ಭಾರವಾಗುತ್ತವೆ, ಭಾರವಾದಷ್ಟೂ ಬೇಗ ಇಳಿಯುತ್ತವೆ. ನಡುವೆ ನಿಲ್ಲಲು ಅವಕ್ಕೆ ಜಾಗವೇ ಇಲ್ಲ. ಫೋಮ್ ಎರಡು ಪದರ ಇದ್ದರೂ ಅಷ್ಟೇ, ಹತ್ತು ಪದರ ಇದ್ದರೂ ಅಷ್ಟೇ.

ಆ ಚೂರನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

ಇದಕ್ಕಿಂತ ಮುಂದೆ ಕೇಳಬೇಡಮ್ಮ. ಬೋಟಿನ ಬಗ್ಗೆ ಕೇಳು, ಕಬ್ಬಿಣ ಫೋಮ್ ಮರ ಯಾವುದರ ಬಗ್ಗೆ ಬೇಕಾದರೂ ಕೇಳು. ಮೆಟ್ಟಿಲ ಸದ್ದಿಗೆ ನನ್ನ ಹತ್ತಿರ ಸೂತ್ರ ಇಲ್ಲ.

ಮೊಂಡಿ


ಆಗಸ್ಟ್ 11

ಪ್ರೀತಿಯ ನಾದಿನಿಗೆ,

ನಾನು ನಿನಗೆ ಬರೆಯುತ್ತಿರುವುದು ಇದೇ ಮೊದಲು. ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೂತು, ಗೇಟ್ ಪಾಸ್ ಬರೆಯುವ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಅತ್ತೆಗೆ ಗೊತ್ತಿಲ್ಲ.

ನಿನ್ನ ಪತ್ರಗಳನ್ನು ಅತ್ತೆ ನನಗೂ ಓದಲು ಕೊಡುತ್ತಾರೆ. ಅಜ್ಜ ಹೀಗಂದರು, ಅಜ್ಜ ಹಾಗಂದರು ಎಂದು ಅವರು ಬರೆದದ್ದನ್ನು ನಿನ್ನ ಉತ್ತರದಿಂದಲೇ ತಿಳಿದೆ. ನಿನಗೆ ಇದನ್ನು ಹೇಳದೆ ಇರಲು ಆಗುತ್ತಿಲ್ಲ. ಬಲೆ ಹೆಣೆಯುತ್ತಿದ್ದ ಅಜ್ಜ ಹೋದ ಚಳಿಗಾಲದಲ್ಲೇ ತೀರಿಕೊಂಡರು. ಶೆಡ್ಡಿಗೆ ಬೀಗ ಹಾಕಿದೆ. ಅತ್ತೆ ಟಾರ್ಪಾಲು ಕೊಟ್ಟು ಬರುವಾಗ ಆ ಬೀಗ ಹಾಕಿದ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂರುತ್ತಾರೆ. ನಾನು ಎರಡು ಮೂರು ಸಲ ನೋಡಿದ್ದೇನೆ. ತುಟಿ ಅಲ್ಲಾಡುತ್ತಿರುತ್ತದೆ. ಒಮ್ಮೆ ತಲೆ ಪಕ್ಕಕ್ಕೆ ವಾಲಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋಗಿ, "ಮನೆಗೆ ಹೋಗೋಣ ಬನ್ನಿ ಅತ್ತೆ" ಎಂದೆ. "ನಡಿ" ಎಂದು ಎದ್ದು ಬಂದರು, ಏನೂ ಆಗದವರ ಹಾಗೆ. ಮನೆಯಲ್ಲಿ ಉಳಿದೆಲ್ಲ ಮೊದಲಿನಂತೆಯೇ ಇದ್ದಾರೆ. ಹೊಲಿಗೆ ನೇರ ಬರುತ್ತದೆ, ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಬೈಯುತ್ತಾರೆ.

ಫೋಮ್ ಎರಡು ಪದರ ಹಾಕಿಸಿದ್ದು ನಿಜ. ನಿಮ್ಮಣ್ಣ ನನಗೆ ಹೇಳಿದ್ದರು. ನಾನು ಅತ್ತೆಗೆ ಹೇಳಿದ ನೆನಪಿಲ್ಲ.

ಈಗ ನನ್ನ ವಿಷಯ. ಐಸಪ್ಪ ನನಗೆ ಇಷ್ಟ. ಅವರು ಬಂದು ನಿಂತರೆ ಆಫೀಸಿನ ಗಡಿಯಾರ ಸರಿಯಾಗಿ ನಡೆಯುತ್ತಿದೆ ಅನಿಸುತ್ತದೆ. ಇದನ್ನು ನಿಮ್ಮಣ್ಣನ ಅಂಗಿಗಳು ನೇತಾಡುವ ಮನೆಯಲ್ಲಿ ನಿಂತು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅತ್ತೆ ಬೇಡ ಎಂದಿಲ್ಲ, ಹೂಂ ಎಂದೂ ಇಲ್ಲ. ಅವರ ಮನಸ್ಸು ನೋಯಿಸಿ ಹೋಗುವವಳಲ್ಲ ನಾನು.

ನನಗೋಸ್ಕರ ಎಂದು ಅವರಿಗೆ ಏನನ್ನೂ ಬರೆಯಬೇಡ. ನೀನು ಸುಳ್ಳು ಬರೆದರೆ ಅಕ್ಷರದ ಓರೆ ನೋಡಿಯೇ ಹಿಡಿಯುತ್ತಾರೆ. ಇನ್ನೊಂದು ಕೇಳುತ್ತೇನೆ, ಬೇಸರಿಸಬೇಡ. ಎರಡು ವರ್ಷದಿಂದ ನೀನು ಒಂದು ಸಲವೂ ಮನೆಗೆ ಬಂದಿಲ್ಲ. ಪತ್ರಗಳಲ್ಲಿ ಬೋಟು ಎಂದು ಬರೆಯುತ್ತೀಯ, ನೀರು ಎಂದು ಬರೆಯುತ್ತೀಯ. ಅಣ್ಣ ಎಂದು ಒಂದು ಕಡೆಯೂ ಬರೆದಿಲ್ಲ.

ನಿನ್ನ ಅತ್ತಿಗೆ


ಆಗಸ್ಟ್ 24

ಅತ್ತಿಗೆ,

ನಿಮ್ಮ ಪತ್ರ ಬಂದ ದಿನ ನಾನು ಕೆಲಸದಲ್ಲಿ ಸಿಕ್ಕಿಬಿದ್ದೆ.

ನಮ್ಮ ಅಳತೆಗಳನ್ನೆಲ್ಲ ಒಂದು ನಕ್ಷೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಗುರುತಿಸುತ್ತೇವೆ. ಅಡ್ಡಕ್ಕೆ ಒತ್ತಡ, ಉದ್ದಕ್ಕೆ ಬಿಸಿ. ಚುಕ್ಕಿಗಳು ಎಲ್ಲ ಕಡೆ ಸಮನಾಗಿ ಹರಡಿರಬೇಕು, ಆಗಲೇ ಸೂತ್ರ ಎಲ್ಲ ಕಡೆಗೂ ಸರಿಹೊಂದುತ್ತದೆ. ದಶಾಂಶ ಮೇಡಂ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನನ್ನನ್ನು ಕರೆದು, ಒಂದು ಜಾಗದ ಮೇಲೆ ಬೆರಳಿಟ್ಟರು. ಅಲ್ಲಿ ಚುಕ್ಕಿಗಳು ಇರುವೆ ಮುತ್ತಿದ ಹಾಗೆ ಮುತ್ತಿದ್ದವು.

"ಇದೇನು? ಈ ಒಂದೇ ಒತ್ತಡ, ಒಂದೇ ತಂಪಿನಲ್ಲಿ ಇಷ್ಟೊಂದು ಸಲ ಯಾಕೆ ಅಳೆದಿದ್ದೀಯ?"

ನನಗೆ ಗೊತ್ತೇ ಇರಲಿಲ್ಲ ಅತ್ತಿಗೆ. ಬೆಳಿಗ್ಗೆ ಬಂದು ಯಂತ್ರ ಶುರುಮಾಡಿ, ಸರಿಯಾಗಿದೆಯೇ ನೋಡೋಣ ಎಂದು ಮೊದಲು ಅಲ್ಲಿಗೇ ಒಯ್ಯುತ್ತಿದ್ದೆ. ಸಂಜೆ ನಿಲ್ಲಿಸುವ ಮೊದಲು ಇನ್ನೊಂದು ಸಲ. ಎರಡು ವರ್ಷದಿಂದ. ಆ ಒತ್ತಡ, ಆ ತಂಪು, ಎರಡು ಸಾವಿರದ ನಾನೂರು ಮೀಟರ್ ಆಳದ್ದು. ಒತ್ತಡ ಅಲ್ಲಿಗೆ ಬಂದು ನಿಂತ ಮೇಲೆ ಪಾತ್ರೆಯೊಳಗಿಂದ ಟಕ್ ಟಕ್ ಎಂದು ಎರಡು ಸಲ ಬಡಿಯುತ್ತದೆ. ಉಕ್ಕು ಹೊಂದಿಕೊಳ್ಳುವ ಸದ್ದು ಅದು, ಎಲ್ಲ ಪಾತ್ರೆಗಳಲ್ಲೂ ಇರುತ್ತದೆ. ನಾನು ಅದಕ್ಕಾಗಿ ಕಾಯುತ್ತಿದ್ದೆ. ಬಡಿದ ಮೇಲೆ ಕೆಲಸ ಶುರುಮಾಡುತ್ತಿದ್ದೆ.

"ನಿನ್ನ ಸೂತ್ರ ಈ ಒಂದು ಜಾಗಕ್ಕೆ ಅಂಟಿದ ಹಾಗೆ ಕೂತಿದೆ. ಉಳಿದ ಕಡೆ ಎಲ್ಲಾ ಎಳೀತಿದೆ. ಒಂದೇ ಭುಜಕ್ಕೆ ಅಳತೆ ತಗೊಂಡು ಅಂಗಿ ಹೊಲಿದ ಹಾಗೆ," ಎಂದರು ಮೇಡಂ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಬಾಗಿಲು ಹಾಕಿಬಂದು, "ಅಲ್ಲಿ ಯಾರಿದ್ದಾರೆ?" ಎಂದು ಕೇಳಿದರು.

ಹೇಳಿದೆ. ನನ್ನ ಅಣ್ಣ ಇದ್ದಾನೆ ಎಂದೆ.

ಮುಂದಿನ ತಿಂಗಳು ಹೊಸ ಕೊಳವೆಗಳನ್ನು ಬಿಡಲು ಒಂದು ಹಡಗು ಹೊರಡುತ್ತದೆ. ಮೇಡಂ ನನ್ನ ಹೆಸರು ಸೇರಿಸಿದ್ದಾರೆ. ದಾರಿ ಅಲ್ಲಿಂದಲೇ ಹಾಯುವ ಹಾಗೆ ಕೇಳಿಕೊಂಡಿದ್ದಾರೆ. ನಾನು ಬೇಡ ಎಂದಿದ್ದೆ. ಈಗ ಹೋಗುತ್ತೇನೆ.

ಅಜ್ಜನ ವಿಷಯ ಅಮ್ಮನ ಹತ್ತಿರ ಎತ್ತುವುದಿಲ್ಲ. ಐಸಪ್ಪನವರಿಗೆ ಸ್ವಲ್ಪ ತಾಳ್ಮೆ ಇರಲಿ ಎಂದು ಹೇಳಿ.

ನಿಮ್ಮ ನಾದಿನಿ


ಅಕ್ಟೋಬರ್ 3

ಅಮ್ಮಾ,

ಹಡಗಿನಿಂದ ಇಳಿದು ಎರಡು ದಿನವಾಯಿತು. ನೆಲ ಇನ್ನೂ ತೂಗುತ್ತಿದೆ. ಇದನ್ನು ಅತ್ತಿಗೆಗೂ ಓದಲು ಕೊಡು.

ನಾನು ಅಣ್ಣ ಇರುವ ಕಡೆಗೆ ಹೋಗಿದ್ದೆ.

ಮಧ್ಯಾಹ್ನ ತಲುಪಿದೆವು. ಸಮುದ್ರ ಸಪಾಟಾಗಿತ್ತು, ಇಲ್ಲಿ ಏನೋ ನಡೆದಿದೆ ಎನ್ನುವ ಗುರುತೇ ಇರಲಿಲ್ಲ. ಕ್ಯಾಪ್ಟನ್ ಎಂಜಿನ್ ನಿಲ್ಲಿಸಿದರು. ಹಡಗಿನಲ್ಲಿ ಒಂದು ಯಂತ್ರವಿದೆ. ಕೆಳಕ್ಕೆ ಸದ್ದು ಕಳಿಸುತ್ತದೆ, ತಳಕ್ಕೆ ಬಡಿದು ಮರಳಿ ಬಂದ ಸದ್ದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಗೆರೆ ಎಲ್ಲಿದೆಯೋ ಅಲ್ಲಿ ನೆಲ. ನಾನು ಅದರ ಮುಂದೆ ಕೂತಿದ್ದೆ. ಗೆರೆ ಎರಡು ಸಾವಿರದ ನಾನೂರರಲ್ಲಿ ಬರಬೇಕಿತ್ತು. ಪರದೆ ಅಲ್ಲಿಗೆ ತಲುಪುವ ಮೊದಲೇ, ನಾನೂರು ಮೀಟರಿನಲ್ಲಿ, ದಪ್ಪಗೆ, ಮಸುಕಾಗಿ ಒಂದು ಗೆರೆ ಬಂತು. ನಡುನೀರಿನಲ್ಲಿ. ನೆಲ ಇರಲು ಸಾಧ್ಯವೇ ಇಲ್ಲದ ಕಡೆ ಏನೋ ನಿಂತಿತ್ತು.

ಅಮ್ಮಾ, ನಿನಗೆ ಕಳಿಸಿದ ಲೋಟದ ಲೆಕ್ಕ, ಫೋಮಿನ ಲೆಕ್ಕ ಎಲ್ಲ ಆ ಕ್ಷಣ ನನ್ನ ತಲೆಯಿಂದ ಹಾರಿಹೋಯಿತು. ಅಜ್ಜ ಹೇಳಿದ್ದೇ ನಿಜ ಅನಿಸಿತು. ನಾನು ಎದ್ದು ನಿಂತೆ. ಕುರ್ಚಿ ಬಿತ್ತು.

ಕ್ಯಾಪ್ಟನ್ ಹಿಂದೆ ಇದ್ದರು. "ಗಾಬರಿ ಆಗ್ಬೇಡಿ. ಅದು ತಳ ಅಲ್ಲ, ಬೋಟೂ ಅಲ್ಲ," ಎಂದರು. ನಮ್ಮ ಬೋಟಿನ ವಿಷಯ ಅವರಿಗೆ ಯಾರು ಹೇಳಿದ್ದರೋ ತಿಳಿಯದು. "ಬೆರಳುದ್ದದ ಮೀನು, ಸೀಗಡಿ, ಲಕ್ಷಗಟ್ಟಲೆ. ಹಗಲೆಲ್ಲ ಆ ಆಳದಲ್ಲಿ ಒಟ್ಟಾಗಿ ನಿಂತಿರ್ತಾವೆ. ಹೊತ್ತು ಇಳಿದ ಹಾಗೆ ಮೇಲೆ ಬರ್ತಾವೆ. ಎಲ್ಲ ಸಮುದ್ರದಲ್ಲೂ ಹಾಗೇ. ನಾನೂ ಮೊದಲನೇ ಸಲ ನೋಡಿದಾಗ ಹಡಗು ತಿರುಗಿಸಿ ಅಂತ ಕೂಗಿದ್ದೆ."

ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ಪುಸ್ತಕದಲ್ಲಿ ಓದಿದ್ದೇನೆ, ಬೇರೆಯವರಿಗೆ ಪಾಠವನ್ನೂ ಹೇಳಿದ್ದೇನೆ. ಆದರೂ ನಂಬಲಿಲ್ಲ. ಅಲ್ಲೇ ಕೂತೆ. ಬಿಸಿಲು ಇಳಿಯುತ್ತಾ ಬಂದ ಹಾಗೆ ಆ ಗೆರೆ ನಿಧಾನವಾಗಿ ಮೇಲೇರಿತು, ಮುನ್ನೂರು, ಇನ್ನೂರು, ಕೊನೆಗೆ ಹಡಗಿನ ಹೊಟ್ಟೆಯ ಕೆಳಗೇ ಬಂದು ಚದುರಿಹೋಯಿತು. ನಾನು ಹೊರಗೆ ಬಂದು ಕಟಕಟೆ ಹಿಡಿದು ಬಗ್ಗಿ ನೋಡಿದೆ. ಮಸುಕು ಬೆಳಕಿನಲ್ಲಿ ನೀರಿನ ಮೇಲೆಲ್ಲ ಸಣ್ಣ ಸಣ್ಣ ಮೀನು ಪುಟಿಯುತ್ತಿದ್ದವು. ಅಷ್ಟೇ. ಅಷ್ಟೇ ಅಮ್ಮ, ಬೇರೇನೂ ಇರಲಿಲ್ಲ.

ಮರಳಿ ಪರದೆಯ ಮುಂದೆ ಕೂತೆ. ನಡುವೆ ಏನೂ ಉಳಿದಿರಲಿಲ್ಲ. ಕೆಳಗೆ, ಎಲ್ಲಿರಬೇಕೋ ಅಲ್ಲಿ, ಒಂದು ಗೆರೆ ಇತ್ತು. ಕ್ಯಾಪ್ಟನ್ ಅದನ್ನು ನೋಡಿ, "ಮೆತ್ತಗಿನ ಕೆಸರು. ಕಲ್ಲಿದ್ದರೆ ಗೆರೆ ಇನ್ನೂ ಚೂಪಾಗಿರೋದು" ಎಂದರು. ನಾನು ಬೋಟನ್ನು ನೋಡಲಿಲ್ಲ. ಅಷ್ಟು ಆಳದಲ್ಲಿ ಅಷ್ಟು ಸಣ್ಣದು ಆ ಯಂತ್ರಕ್ಕೆ ಕಾಣುವುದಿಲ್ಲ. ನೋಡಿದೆ ಎಂದು ನಿನಗೆ ಬರೆಯಬಹುದಿತ್ತು. ಬರೆಯುವುದಿಲ್ಲ. ಮೇಲಿನಿಂದ ತಳದವರೆಗೆ ನೋಡಿದೆ, ನಡುವೆ ಅವನನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಇಲ್ಲ. ಅದನ್ನು ಮಾತ್ರ ನೋಡಿದೆ.

ಮರುದಿನ ಬೆಳಿಗ್ಗೆ ತಳದ ಹತ್ತಿರದ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಮೇಲೆ ಎಳೆದೆವು. ಹಗ್ಗ ಸುತ್ತಿ ಮುಗಿಯಲು ತುಂಬ ಹೊತ್ತು ಹಿಡಿಯಿತು. ಬಾಟಲಿಯ ಬಾಯಿಯಲ್ಲಿ ನೀರು ಒಸರುತ್ತಿತ್ತು. ಮೇಲೆ ಬರುವಾಗ ಒತ್ತಡ ಬಿಟ್ಟು ನೀರು ಹಿಗ್ಗುತ್ತದೆ, ಆ ನೂರರಲ್ಲಿ ಒಂದು ಪಾಲು ಹೊರಗೆ ಬರುತ್ತದೆ. ಅದನ್ನು ಮುಟ್ಟದೆ ಮುಚ್ಚಳ ಹಾಕಿ ಪ್ರಯೋಗಾಲಯಕ್ಕೆ ತರಬೇಕಿತ್ತು. ನಾನು ಬಕೆಟ್ಟಿಗೆ ಸುರಿದು ಎರಡೂ ಕೈ ಅದ್ದಿದೆ. ಮಣಿಕಟ್ಟಿನವರೆಗೆ. ಅಷ್ಟು ತಣ್ಣಗಿನ ನೀರನ್ನು ನಾನು ಎಂದೂ ಮುಟ್ಟಿಲ್ಲ, ದಿನಾ ಅಳೆಯುತ್ತಿದ್ದರೂ. ಕೈ ಮರಗಟ್ಟುವವರೆಗೆ ಹಿಡಿದಿದ್ದೆ. ಚಳಿಗಾಲದ ಬೆಳಿಗ್ಗೆ ಶಾಲೆಗೆ ಹೊರಡುವಾಗ ಅಣ್ಣ ನನ್ನ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡುತ್ತಿದ್ದ. "ಸಾಕಾ? ಇನ್ನೂ ಬೇಕಾ?" ಎನ್ನುತ್ತಿದ್ದ. ಅದು ನೆನಪಾಯಿತು. ಎರಡು ವರ್ಷದಿಂದ ಒಂದು ಸಲವೂ ನೆನಪಾಗಿರಲಿಲ್ಲ, ಅಥವಾ ನಾನು ಬಿಟ್ಟುಕೊಂಡಿರಲಿಲ್ಲ.

ಹಡಗಿನ ಅಡಿಗೆಯವರು ಬಂದು ನನ್ನನ್ನು ಎಬ್ಬಿಸಿಕೊಂಡು ಹೋದರು. ನಾನು ಅಳುತ್ತಿದ್ದೇನೆ ಎಂದು ಅವರು ಹೇಳಿದ ಮೇಲೇ ನನಗೆ ಗೊತ್ತಾದದ್ದು.

ಅಣ್ಣ ತಳ ಮುಟ್ಟಿದ್ದಾನೆ ಅಮ್ಮ. ಅಲ್ಲಿ ಕೆಸರು ಮೆತ್ತಗಿದೆ.

ಇದನ್ನು ಅಜ್ಜನಿಗೂ ಹೇಳು.

ನಿನ್ನ ಮೊಂಡಿ


ನವೆಂಬರ್ 2

ಮಗಳೇ,

ನಿನ್ನ ಪತ್ರ ಬಂದ ದಿನ ಅದನ್ನು ನಿಮ್ಮತ್ತಿಗೆಗೆ ಕೊಟ್ಟು ನಾನು ಹಿತ್ತಲಿಗೆ ಹೋದೆ. ಅವಳು ಓದಿ ಮುಗಿಸಿ ಬಂದು ನನ್ನ ಪಕ್ಕ ಕೂತಳು. ಕತ್ತಲಾಗುವ ಮೊದಲು ನಾನೇ ಹೇಳಿದೆ: "ಆ ಐಸಪ್ಪನಿಗೆ ಬರೋಕೆ ಹೇಳು. ಕೈ ಒರೆಸಿಕೊಂಡೇ ಬರಲಿ, ಇಲ್ಲಿ ಬಂದು ಒರೆಸೋದು ಬೇಡ."

ಮೊನ್ನೆ ನೋಂದಣಿ ಕಚೇರಿಯಲ್ಲಿ ಆಯಿತು. ಐಸ್ ಪ್ಲಾಂಟಿನ ನಾಲ್ಕು ಜನ, ನಾನು. ಸಾಕ್ಷಿ ಸಹಿ ನನ್ನದೇ. ಗುಮಾಸ್ತ, "ನೀವು ಹುಡುಗಿಗೆ ಏನಾಗಬೇಕು?" ಎಂದು ಕೇಳಿದ. ಅತ್ತೆ ಎನ್ನಲು ಬಾಯಿ ಬರಲಿಲ್ಲ. ಅವಳೇ "ಅಮ್ಮ ಅಂತ ಬರ್ಕೊಳ್ಳಿ" ಎಂದಳು. ಆ ಗುಮಾಸ್ತ ಹಾಗೇ ಬರೆದುಕೊಂಡ. ಎರಡು ರಸ್ತೆ ಆಚೆಗೆ ಮನೆ ಮಾಡಿದ್ದಾರೆ. ಸಂಜೆ ಬಂದು ಹೋಗುತ್ತಾಳೆ. ಹೋಗುವಾಗ ಬಾಗಿಲಲ್ಲಿ ಸ್ವಲ್ಪ ನಿಲ್ಲುತ್ತಾಳೆ.

ಅವಳು ನಿನಗೆ ಬರೆದದ್ದು ನನಗೆ ಗೊತ್ತು. ಅಜ್ಜ ಹೋದದ್ದೂ ಗೊತ್ತು, ಅವರನ್ನು ಕಳಿಸಲು ಹೋದವರಲ್ಲಿ ನಾನೂ ಇದ್ದೆ. ನನಗೆ ಬುದ್ಧಿ ಕೆಟ್ಟಿಲ್ಲ. ಹೆತ್ತ ಮಗ ತಳ ಮುಟ್ಟಿದನಾ ಎಂದು ನಾನಾಗಿ ಕೇಳಲು ಧೈರ್ಯ ಬರಲಿಲ್ಲ. ಅಜ್ಜನ ಬಾಯಲ್ಲಿ ಕೇಳಿಸಿದೆ. ಅವರು ಇದ್ದಾಗಲೂ ನನಗಾಗಿ ಎಷ್ಟೋ ಜನರ ಹತ್ತಿರ ಮಾತಾಡಿದ್ದಾರೆ, ಇದೂ ಒಂದು ಎಂದುಕೊಂಡೆ. ಆ ಕಲ್ಲಿನ ಮೇಲೆ ಕೂತು ಅವರು ಏನನ್ನುತ್ತಿದ್ದರು ಎಂದು ನಾನೇ ಕಲ್ಪಿಸಿಕೊಂಡು ನಿನಗೆ ಬರೆಯುತ್ತಿದ್ದೆ. ಎಲ್ಲ ನನ್ನದೇ ಮಾತು.

ಫೋಮಿನ ಮಾತೊಂದು ಬಿಟ್ಟು. ಮೀನಿನ ಕೋಣೆಯ ಗೋಡೆಯೊಳಗೆ ಏನಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎರಡು ಪದರ ಎಂದು ನಿಮ್ಮತ್ತಿಗೆ ಹೇಳಿಲ್ಲ, ನಿಮ್ಮಣ್ಣ ಹೇಳಿಲ್ಲ. ಅವತ್ತು ಆ ಕಲ್ಲಿನ ಮೇಲೆ ಕೂತಾಗ ಅದು ಕಿವಿಗೆ ಬಿತ್ತು. ಯಾರ ದನಿಯಲ್ಲಿ ಎಂದು ನನ್ನನ್ನು ಕೇಳಬೇಡ. ನಿನ್ನ ಪತ್ರ ಬಂದ ಮೇಲೆ ನಾನು ಆ ಕಡೆ ಹೋಗಿಲ್ಲ.

ಈಗ ಮನೆಯಲ್ಲಿ ಒಂದು ಸದ್ದೂ ಇಲ್ಲ. ಮಷೀನು ತುಳಿಯುತ್ತಾ ಕಾಯುತ್ತೇನೆ, ನಿಲ್ಲಿಸಿ ಕಾಯುತ್ತೇನೆ. ನೀನು ಹೇಳಿದ್ದು ಸರಿ, ಅವನಿಗೆ ನೆಲ ಸಿಕ್ಕಿದೆ, ಇನ್ನು ಬರುವ ಅಗತ್ಯ ಅವನಿಗಿಲ್ಲ. ಅದೇ ಬೇಕು ಎಂದು ನಾನೇ ಕೇಳಿದ್ದೆ. ಸಿಕ್ಕಿದ ಮೇಲೆ ಅದು ಇಷ್ಟು ಭಾರ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ನಿನ್ನ ಮೇಡಂ ಹತ್ತಿರ ರಜೆ ಕೇಳು. ಕೊಡದಿದ್ದರೆ ನಾನು ಬರೆಯುತ್ತೇನೆ, ಚುಕ್ಕಿಯ ಮುಂದೆ ಎಷ್ಟು ಅಂಕಿ ಬೇಕಾದರೂ ಹಾಕಿ. ಬರುವಾಗ ಏನೂ ತರಬೇಡ. ಅವನು ಹೋದಾಗಿನಿಂದ ನೀನು ಅಲ್ಲಿ, ನಾನು ಇಲ್ಲಿ, ಬೇರೆ ಬೇರೆ ಕೂತು ಅಳು ನುಂಗಿದ್ದೇವೆ. ಒಂದು ಸಲ ಒಂದೇ ಕೋಣೆಯಲ್ಲಿ ಕೂತು ಅಳೋಣ, ಅಕ್ಕಪಕ್ಕದವರು ಬಂದು ಬಾಗಿಲು ತಟ್ಟುವಷ್ಟು ಜೋರಾಗಿ. ಆಮೇಲೆ ಮುಖ ತೊಳೆದು ಊಟ ಮಾಡೋಣ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ